ಬ್ಲಾಂಕ್ ಬಾಟಲಿಯಲ್ಲಿ ಆಮ್ಲಜನಕ ಇಳಿಯುವುದೇಕೆ?

ಪ್ರಶ್ನೆ: ದಿನವೂ ಹೊಸದಾಗಿ ಬಟ್ಟಿ ಇಳಿಸಿದ ನೀರನ್ನೇ ಬಳಸುತ್ತೇವೆ. ಆದರೂ ಬಿಓಡಿ (ನೀರಿನ ಕೊಳೆಯನ್ನು ತಿನ್ನಲು ಬ್ಯಾಕ್ಟೀರಿಯಾಗಳು ಬಳಸುವ ಆಮ್ಲಜನಕದ ಅಳತೆ) ಪರೀಕ್ಷೆಯ ಬ್ಲಾಂಕ್‌ನಲ್ಲಿ, ಅಂದರೆ ಮಾದರಿ ಹಾಕದ ಬಾಟಲಿಯಲ್ಲಿ, ಐದು ದಿನಕ್ಕೆ ಲೀಟರಿಗೆ 0.6 ಮಿ.ಗ್ರಾಂ ಆಮ್ಲಜನಕ ಕಡಿಮೆಯಾಗಿರುತ್ತದೆ. ಡಿಓ (ನೀರಿನಲ್ಲಿ ಕರಗಿದ ಆಮ್ಲಜನಕ) ಅಳೆಯುವ ಮೀಟರ್ ಕೆಟ್ಟಿದೆಯೇ?

ಉತ್ತರ: ಮತ್ತೆ ಅದೇ ಪ್ರಶ್ನೆ. ಅಂಕಿ ಒಬ್ಬರದು 0.4, ಇನ್ನೊಬ್ಬರದು 0.8, ಬೈಗುಳ ಮಾತ್ರ ಯಾವಾಗಲೂ ಮೀಟರಿಗೆ. ಮೊದಲ ದಿನವೂ ಐದನೇ ದಿನವೂ ಕ್ಯಾಲಿಬ್ರೇಟ್ ಮಾಡಿದ್ದೀರಾ? ಪ್ರೋಬಿನ ಪೊರೆಯಡಿ ಗಾಳಿಗುಳ್ಳೆ ಇಲ್ಲ ತಾನೇ? ಹಾಗಿದ್ದರೆ ಮೀಟರನ್ನು ಅದರ ಪಾಡಿಗೆ ಬಿಡಿ. ಬ್ಲಾಂಕ್‌ಗೆ ಇರುವ ಮಿತಿ 0.2. ನಿಮ್ಮ ಉಳಿದ 0.4 ಅನ್ನು ಯಾರೋ ಉಸಿರಾಡಿದ್ದಾರೆ.

ಈ ಗೊಂದಲದ ಬೇರು ಒಂದೇ: 'ಬಟ್ಟಿ ಇಳಿಸಿದ ನೀರು ಎಂದರೆ ಶುದ್ಧ, ಅದರಲ್ಲಿ ತಿನ್ನಲು ಏನೂ ಇರುವುದಿಲ್ಲ' ಎಂಬ ನಂಬಿಕೆ. ಎಷ್ಟು ಸಲ ಹೇಳಿದರೂ ಇದು ಸಾಯುವುದಿಲ್ಲ. ಬಟ್ಟಿ ಇಳಿಸಿದಾಗ ತಳದಲ್ಲಿ ಉಳಿಯುವುದು ಲವಣ. ಬೇಗ ಆವಿಯಾಗುವ ಸಾವಯವ ವಸ್ತುಗಳು ಹಬೆಯ ಜೊತೆಗೇ ಹತ್ತಿ ಈಚೆ ಬಂದುಬಿಡುತ್ತವೆ. ಡಿಅಯಾನೈಸರ್ (ರಾಳದ ಮೂಲಕ ಹಾಯಿಸಿ ಲವಣ ತೆಗೆಯುವ ಉಪಕರಣ) ನೀರಾದರೆ ರಾಳದ ಚೂರುಪಾರು ಕರಗಿ ಬರುತ್ತದೆ. ಹಳೆಯ ರಾಳದ ಕೊಳವೆಯಂತೂ ಬ್ಯಾಕ್ಟೀರಿಯಾಗಳಿಗೆ ಬಾಡಿಗೆಯಿಲ್ಲದ ಮನೆ.

'ನಮ್ಮ ನೀರಿನ ಕಂಡಕ್ಟಿವಿಟಿ 1 ಮೈಕ್ರೋಸೀಮೆನ್ಸ್‌ಗಿಂತ ಕಡಿಮೆ' ಎಂದು ಸಮರ್ಥನೆ ಬೇರೆ. ಕಂಡಕ್ಟಿವಿಟಿ ಮೀಟರಿಗೆ ಕಾಣುವುದು ಅಯಾನುಗಳು ಮಾತ್ರ. ಆ ನೀರಿಗೆ ಗ್ಲೂಕೋಸ್ ಹಾಕಿ ನೋಡಿ, ಮುಳ್ಳು ಕದಲುವುದಿಲ್ಲ. ಅದೇ ಗ್ಲೂಕೋಸ್ ಲೀಟರಿಗೆ 1 ಮಿ.ಗ್ರಾಂ ಇದ್ದರೆ ಸಾಕು, ನಿಮ್ಮ 0.6 ಕರಗಿಹೋಗಲು.

ನೀರು ಚೆನ್ನಾಗಿದ್ದರೂ ಅದು ಹಾದುಬರುವ ದಾರಿ ಹೇಗಿದೆ? ಗಾಳಿ ಊದುವ ಪಂಪಿನ ಪ್ಲಾಸ್ಟಿಕ್ ನಳಿಕೆಯನ್ನು ಬಿಚ್ಚಿ, ಉದ್ದಕ್ಕೆ ಸೀಳಿ, ಒಳಗೆ ಬೆರಳಾಡಿಸಿ. ಲೋಳೆ ತಾಕಿದರೆ ನಳಿಕೆಯನ್ನೂ ಗಾಳಿ ಬಿಡುವ ಕಲ್ಲನ್ನೂ ಎಸೆಯಿರಿ, ತೊಳೆಯುತ್ತಾ ಕೂರಬೇಡಿ. ಅಸಿಟೋನ್, ಆಲ್ಕೊಹಾಲ್ ಬಳಸುವ ಮೇಜಿನ ಪಕ್ಕದಲ್ಲೇ ಪಂಪ್ ಇಟ್ಟಿದ್ದರೆ ಅದು ಆ ಆವಿಯನ್ನೂ ಎಳೆದು ನೀರಿಗೆ ಊದುತ್ತದೆ. ಫಾಸ್ಫೇಟ್ ಬಫರ್ ಬಾಟಲಿಯನ್ನು ಬೆಳಕಿಗೆ ಹಿಡಿಯಿರಿ. ನೂಲಿನಂಥ ಬೂಸ್ಟು ತೇಲುತ್ತಿದ್ದರೆ ಚೆಲ್ಲಿ. ಸೋಸಿ ಬಳಸುವ ಉಳಿತಾಯ ಬೇಡ.

ಕಳ್ಳ ಯಾರೆಂದು ಊಹಿಸುವ ಬದಲು ಮೂರು ಜೊತೆ ಬ್ಲಾಂಕ್ ಇಡಿ. ಮೊದಲ ಜೊತೆಗೆ ನಾಲ್ಕೂ ಪೋಷಕ ದ್ರಾವಣಗಳನ್ನು (ಫಾಸ್ಫೇಟ್ ಬಫರ್, ಮೆಗ್ನೀಸಿಯಂ ಸಲ್ಫೇಟ್, ಕ್ಯಾಲ್ಸಿಯಂ ಕ್ಲೋರೈಡ್, ಫೆರಿಕ್ ಕ್ಲೋರೈಡ್) ಹೊಸದಾಗಿ ಮಾಡಿ, ಲೀಟರಿಗೆ ತಲಾ 1 ಮಿ.ಲೀ. ಹಾಕಿ. ಪಂಪ್ ಮುಟ್ಟಬೇಡಿ, ಅರ್ಧ ತುಂಬಿದ ಶುಚಿಯಾದ ಬಾಟಲಿಯನ್ನು ಜೋರಾಗಿ ಕುಲುಕಿದರೆ ಸಾಕು. ಎರಡನೆಯದಕ್ಕೂ ಅದೇ ದ್ರಾವಣ, ಆದರೆ ಗಾಳಿ ಪಂಪಿನದು. ಮೂರನೆಯದನ್ನು ಕುಲುಕಿ, ಹಳೆಯ ದ್ರಾವಣಗಳನ್ನು ಹಾಕಿ. ಐದು ದಿನದ ಮೇಲೆ ಮೂರೂ ಇಳಿದಿದ್ದರೆ ತಪ್ಪು ನೀರಿನದು, ಇಲ್ಲವೇ ಬಾಟಲಿಗಳದು. ಒಂದೇ ಇಳಿದಿದ್ದರೆ ಉತ್ತರ ಕೈಯಲ್ಲೇ ಇದೆ.

ಫ್ರಿಜ್‌ನಿಂದ ತೆಗೆದ ತಣ್ಣನೆಯ ನೀರಿಗೇ ಗಾಳಿ ಊದುವವರು ಇನ್ನೊಂದು ಬಗೆಯಲ್ಲಿ ಮೋಸಹೋಗುತ್ತಾರೆ. 10 ಡಿಗ್ರಿಯ ನೀರು ಸುಮಾರು 11.3 ಮಿ.ಗ್ರಾಂ ಆಮ್ಲಜನಕ ಹಿಡಿಯುತ್ತದೆ, 20 ಡಿಗ್ರಿಯದು 9.1. ಇನ್‌ಕ್ಯುಬೇಟರಿನಲ್ಲಿ ಹೆಚ್ಚಿನದೆಲ್ಲ ಗುಳ್ಳೆಯಾಗಿ ಮುಚ್ಚಳದಡಿ ಸೇರುತ್ತದೆ. ಯಾವ ಬ್ಯಾಕ್ಟೀರಿಯಾವೂ ತಿನ್ನದೆ ಡಿಓ ಇಳಿಯುತ್ತದೆ. ನೀರು ಮೊದಲು 20 ಡಿಗ್ರಿಗೆ ಬರಲಿ, ಆಮೇಲೆ ಗಾಳಿ ಊದಿ.

ಬಾಟಲಿ ತೊಳೆಯಲು ಫಾಸ್ಫೇಟ್ ಇಲ್ಲದ ಡಿಟರ್ಜೆಂಟ್, ಆಮೇಲೆ ಧಾರಾಳವಾಗಿ ನೀರು. ಬ್ಲೀಚ್ ಬಳಸಿದರೆ ಕ್ಲೋರಿನ್ ಪೂರ್ತಿ ಹೋಗುವವರೆಗೆ ಜಾಲಾಡಬೇಕು. ಉಳಿದ ಕ್ಲೋರಿನ್ ಬ್ಯಾಕ್ಟೀರಿಯಾಗಳನ್ನೆಲ್ಲ ಕೊಂದು ಬ್ಲಾಂಕ್ ಅನ್ನು ಸೊನ್ನೆಗೆ ತಂದು ನಿಲ್ಲಿಸುತ್ತದೆ. ನೀವು ಖುಷಿಪಡುತ್ತೀರಿ, ಅತ್ತ ವಿಧಾನ ಸರಿಯಿದೆಯೇ ಎಂದು ನೋಡಲು ಇಡುವ, 198 ± 30.5 ಬರಬೇಕಾದ ಗ್ಲೂಕೋಸ್-ಗ್ಲುಟಾಮಿಕ್ ಆಮ್ಲದ ಪರೀಕ್ಷೆ 120 ತೋರಿಸುತ್ತಿರುತ್ತದೆ.

ಇನ್ನು ಕೇಳದಿದ್ದರೂ ಹೇಳಬೇಕಾದ ಮಾತೊಂದಿದೆ: 'ಬ್ಲಾಂಕ್ 0.6 ಬಂದರೇನು, ಮಾದರಿಯ ಇಳಿಕೆಯಿಂದ ಅಷ್ಟನ್ನು ಕಳೆದರಾಯಿತು' ಎನ್ನುವವರು ಬಹಳ. ಕಳೆಯಬಾರದು. ಬ್ಲಾಂಕ್‌ನಲ್ಲಿ ಬ್ಯಾಕ್ಟೀರಿಯಾ ವಿರಳ, ಕಸ ಅರ್ಧಂಬರ್ಧ ಖರ್ಚಾಗುತ್ತದೆ. ಮಾದರಿಯ ಬಾಟಲಿಯಲ್ಲಿ ಅವು ದಂಡಿಯಾಗಿರುವುದರಿಂದ ಅದೇ ಕಸ ಇನ್ನೂ ಹೆಚ್ಚು ಖರ್ಚಾಗುತ್ತದೆ, ಎಷ್ಟೆಂದು ಬ್ಲಾಂಕ್ ಹೇಳಲಾರದು. 300 ಮಿ.ಲೀ. ಬಾಟಲಿಗೆ 3 ಮಿ.ಲೀ. ಮಾದರಿ ಹಾಕಿದ್ದರೆ ಉತ್ತರವನ್ನು 100ರಿಂದ ಗುಣಿಸುತ್ತೀರಿ, 0.4ರ ತಪ್ಪು ಅಲ್ಲಿ 40 ಆಗಿ ಕೂರುತ್ತದೆ. ಸೀಡ್ (ಮಾದರಿಗೆ ಹೊರಗಿನಿಂದ ಸೇರಿಸುವ ಬ್ಯಾಕ್ಟೀರಿಯಾ) ಹಾಕಿದಾಗ ಕಳೆಯುವ ಲೆಕ್ಕವೇ ಬೇರೆ. ಅದಕ್ಕೆ ಸೀಡ್‌ನದೇ ಪ್ರತ್ಯೇಕ ಬಾಟಲಿಗಳನ್ನು ಇಟ್ಟು, ಮಾದರಿಗೆ ಹಾಕಿದಷ್ಟು ಸೀಡ್ ಬಳಸಿದ ಆಮ್ಲಜನಕವನ್ನು ಮಾತ್ರ ಕಳೆಯಬೇಕು, ಅದು 0.6ರಿಂದ 1.0ರೊಳಗೆ ಇರಬೇಕು.