ಪದ ಪರಿಚಯ: ಕಾರ್ಸ್ಟ್ ಚಿಲುಮೆ

ನೆಲದಿಂದ ನೀರು ಬರುವುದನ್ನು ಹೇಳಲು ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. ಮರಳು ತೋಡಿದಾಗ ಮೆಲ್ಲನೆ ಜಿನುಗುವುದು ಒರತೆ. ಬಾವಿಯ ಒಡಲಲ್ಲಿ ಸಣ್ಣಗೆ ಒಡೆಯುವುದು ಸೆಲೆ. ಗುಳುಗುಳು ಎಂದು ಮೇಲೇಳುವುದು ಬುಗ್ಗೆ, ಚಿಲುಮೆ. ಆದರೆ ಬಂಡೆಯ ಬುಡದ ಒಂದೇ ಬಾಯಿಂದ, ದೋಣಿ ತೇಲಿಸಬಹುದಾದಷ್ಟು ತುಂಬಿದ ನದಿಯೇ ಹೊರಬಂದರೆ? ಭೂವಿಜ್ಞಾನಿಗಳು ಅದನ್ನು ಕಾರ್ಸ್ಟ್ ಚಿಲುಮೆ ಎನ್ನುತ್ತಾರೆ. ಚಿಲುಮೆ ಎಂಬ ಮಾತು ಆ ನೋಟಕ್ಕೆ ತುಸು ಚಿಕ್ಕದೇ. ಆದರೂ ಅದನ್ನೇ ಹಿಗ್ಗಿಸಿಕೊಂಡು ಬಳಸೋಣ.

ಕಾರ್ಸ್ಟ್ ಎಂಬುದು ಮೊದಲು ಒಂದು ಜಾಗದ ಹೆಸರು. ಇಟಲಿಯ ಟ್ರಿಯೆಸ್ಟೆ ನಗರದ ಬೆನ್ನಿಗೆ, ಸ್ಲೊವೇನಿಯಾದ ಗಡಿಯುದ್ದಕ್ಕೂ ಸುಣ್ಣಕಲ್ಲಿನ ಪ್ರಸ್ಥಭೂಮಿಯೊಂದು ಹರಡಿದೆ. ಸ್ಲೊವೇನಿಯನ್ನರಿಗೆ ಅದು ಕ್ರಾಸ್, ಇಟಾಲಿಯನ್ನರಿಗೆ ಕಾರ್ಸೊ, ಜರ್ಮನ್ನರಿಗೆ ಕಾರ್ಸ್ಟ್. ಸರ್ಬಿಯಾದ ಭೂಗೋಳತಜ್ಞ ಯೊವಾನ್ ತ್ಸ್ವಿಯಿಚ್ 1893ರಲ್ಲಿ ಪ್ರಕಟಿಸಿದ ಅಧ್ಯಯನದ ಬಳಿಕ ಆ ಹೆಸರು ನೆಲೆಯೂರಿತು. ನೀರು ಬಂಡೆಯನ್ನು ಕರಗಿಸಿ ರೂಪಿಸಿದ ಯಾವ ನಾಡಿಗಾದರೂ ಇಂದು ಇದೇ ಹೆಸರು.

ಕರಗಿಸುವ ಕೆಲಸ ಮಳೆನೀರಿನದು. ಅದು ಗಾಳಿಯಿಂದ ಸ್ವಲ್ಪ, ಮಣ್ಣಿನಿಂದ ಇನ್ನೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತೆಳುವಾದ ಆಮ್ಲವಾಗುತ್ತದೆ. ಸುಣ್ಣಕಲ್ಲಿನ ಬಿರುಕಿಗೆ ಇಳಿದು, ಸಾವಿರಾರು ವರ್ಷಗಳಲ್ಲಿ ಕೂದಲೆಳೆಯಷ್ಟಿದ್ದ ಬಿರುಕನ್ನು ಕೊಳವೆಯಾಗಿ, ಕೊಳವೆಯನ್ನು ಗುಹೆಯಾಗಿ ಅಗಲಿಸುತ್ತದೆ. ಇಂಥ ನಾಡಿನಲ್ಲಿ ನೆಲದ ಮೇಲೆ ಹೊಳೆಗಳೇ ಅಪರೂಪ. ನೀರೆಲ್ಲ ಒಳಗೆ, ನಮ್ಮ ಗುಪ್ತಗಾಮಿನಿ ಎಂಬ ಸೊಗಸಾದ ಪದಕ್ಕೆ ತಕ್ಕಂತೆ, ಕತ್ತಲಲ್ಲಿ ಕೂಡಿಕೊಳ್ಳುತ್ತಾ ಸಾಗಿ, ಕಣಿವೆಯ ಅಂಚಿನಲ್ಲೋ ನೀರು ಒಳಬಿಡದ ಬಂಡೆಯ ಪದರ ಅಡ್ಡ ಬಂದಲ್ಲೋ ಒಮ್ಮೆಲೇ ಹೊರಬೀಳುತ್ತದೆ.

ಆದ್ದರಿಂದ ಇಂಥಲ್ಲಿ ‘ಉಗಮಸ್ಥಾನ’ ಎಂಬ ಫಲಕ ಕಂಡರೆ ಆ ಪದವನ್ನು ಎಚ್ಚರದಿಂದ ಓದಬೇಕು. ತಜ್ಞರು ಎರಡು ಬಗೆ ಮಾಡುತ್ತಾರೆ. ಸುತ್ತಲಿನ ಬೆಟ್ಟಕ್ಕೆ ಬಿದ್ದ ಮಳೆಯೇ ಇಂಗಿ ಹೊರಬಂದರೆ ಅದು ಉದ್ಗಮ. ಎಲ್ಲೋ ನೆಲದ ಮೇಲೆ ಹರಿಯುತ್ತಿದ್ದ ನದಿ, ‘ಪೊನೊರ್’ ಎನ್ನುವ ನೀರು ನುಂಗುವ ಬಾಯಿಗೆ ಬಿದ್ದು ಇಲ್ಲಿ ಮತ್ತೆ ಕಾಣಿಸಿಕೊಂಡರೆ ಅದನ್ನು ಪುನರುದ್ಗಮ ಎನ್ನಬಹುದು. ಕಣ್ಣಿನಿಂದ ನೋಡಿ ಇವೆರಡರ ವ್ಯತ್ಯಾಸ ಹೇಳಲಾಗದು.

ಫ್ರಾನ್ಸಿನ ಲೂ ನದಿಯ ವಿಷಯದಲ್ಲಿ ಅದನ್ನು ಹೇಳಿದ್ದು ಮೂಗು. 1901ರ ಆಗಸ್ಟ್ 11ರಂದು ಪೊಂತಾರ್ಲಿಯೆ ಪಟ್ಟಣದ ಪೆರ್ನೋ ಮದ್ಯದ ಕಾರ್ಖಾನೆಗೆ ಸಿಡಿಲು ಬಡಿದು ಬೆಂಕಿ ಹತ್ತಿತು. ಪೀಪಾಯಿಗಳು ಸಿಡಿಯಬಾರದೆಂದು ಅಪಾರ ಪ್ರಮಾಣದ ಆಬ್ಸಿಂತ್ ಮದ್ಯವನ್ನು ಪಕ್ಕದ ದೂ ನದಿಗೆ ಹರಿಯಬಿಟ್ಟರು. ಎರಡು ದಿನಗಳ ಬಳಿಕ, ಬೇರೆಯೇ ನದಿಯೆಂದು ಎಲ್ಲರೂ ನಂಬಿದ್ದ ಲೂ ನದಿಯ ಉಗಮದಲ್ಲಿ ಆ ಮದ್ಯದ ವಾಸನೆ ಬಂತು! 1910ರಲ್ಲಿ ಬಣ್ಣ ಬೆರೆಸಿದ ಪ್ರಯೋಗ ಈ ನಂಟನ್ನು ಖಚಿತಪಡಿಸಿತು.

ಜರ್ಮನಿಯಲ್ಲಿ ಇಂಥದೇ ಪ್ರಯೋಗವನ್ನು ಬೇಕೆಂದೇ ಮಾಡಿದ್ದರು. ಇಮ್ಮೆಂಡಿಂಗೆನ್ ಬಳಿ ಡ್ಯಾನ್ಯೂಬ್ ನದಿ ತನ್ನ ಪಾತ್ರದಲ್ಲೇ ಸೋರಿಹೋಗುತ್ತದೆ. 1877ರಲ್ಲಿ ಅಡಾಲ್ಫ್ ಕ್ನೋಪ್ ಎಂಬ ಭೂವಿಜ್ಞಾನಿ ಅಲ್ಲಿ 20 ಟನ್ ಉಪ್ಪನ್ನೂ 10 ಕಿಲೊ ಹಸಿರು ಬಣ್ಣವನ್ನೂ ಸುರಿಸಿದರು. ಸುಮಾರು 60 ಗಂಟೆಗಳಲ್ಲಿ, 12 ಕಿಲೊಮೀಟರ್ ದೂರದ ಆಖ್ ಚಿಲುಮೆ ಹಸಿರಾಗಿ ಹೊಳೆಯಿತು, ನೀರು ಉಪ್ಪಾಯಿತು. ಆಖ್ ನೀರು ರೈನ್ ನದಿಯ ಪಾಲು. ಅಂದರೆ ಕಪ್ಪು ಸಮುದ್ರಕ್ಕೆ ಹೊರಟ ನದಿಯ ಒಂದು ಭಾಗ ನೆಲದಡಿಯಲ್ಲಿ ದಾರಿ ಬದಲಿಸಿ ಉತ್ತರ ಸಮುದ್ರ ಸೇರುತ್ತಿದೆ. ಜಲಾನಯನದ ಗಡಿಯನ್ನು ಬೆಟ್ಟದ ನೆತ್ತಿಯ ಮೇಲೆ ಗೆರೆಯಾಗಿ ಎಳೆಯುವ ನಕ್ಷೆಗಳು ಕಾರ್ಸ್ಟ್ ನಾಡಿನಲ್ಲಿ ಅರ್ಧಸತ್ಯ ಮಾತ್ರ ಹೇಳುತ್ತವೆ.

ನೋಡಲು ಹೋಗುವವರು ಕಾಲ ನೋಡಿಕೊಂಡು ಹೊರಡಬೇಕು. ಫ್ರಾನ್ಸಿನ ಸೋರ್ಗ್ ನದಿ ಹುಟ್ಟುವ ಫೊಂತೇನ್ ದ ವೊಕ್ಲೂಸ್‌ನಲ್ಲಿ ಹಿಮ ಕರಗಿ ಮಳೆಯಾದಾಗ ಕೊಳ ತುಂಬಿ ಬಂಡೆಗಳ ಮೇಲೆ ಭೋರ್ಗರೆದು ಉಕ್ಕುತ್ತದೆ. ಬೇಸಿಗೆಯಲ್ಲಿ ಅದೇ ಜಾಗ ಬಂಡೆಯಡಿಯ ಒಂದು ನಿಶ್ಶಬ್ದ ಗುಂಡಿ, ನೀರು ಕೆಳಗಿನ ಕಲ್ಲುಗಳ ಸಂದಿನಿಂದ ಹೊರಡುತ್ತದೆ. ಆಗ ಹೋದವರು ನಿರಾಶರಾಗುವುದುಂಟು. ನನ್ನ ಮಟ್ಟಿಗೆ ಆ ಮೌನವೇ ಹೆಚ್ಚು ಗಂಭೀರ, ಏಕೆಂದರೆ 1985ರಲ್ಲಿ ಅದೇ ಗುಂಡಿಗೆ ಇಳಿಸಿದ ರೋಬೋಟ್‌ಗೆ ತಳ ಸಿಕ್ಕಿದ್ದು 308 ಮೀಟರ್ ಆಳದಲ್ಲಿ. ಜರ್ಮನಿಯ ಬ್ಲೌಟಾಪ್ಫ್, ಅಂದರೆ ‘ನೀಲಿ ಮಡಕೆ’, ತನ್ನ ಹೆಸರಿನಷ್ಟೇ ನೀಲಿಯಾಗಿ ಕಾಣುವುದು ಮಳೆಯಿಲ್ಲದ ದಿನಗಳಲ್ಲಿ. ಜೋರು ಮಳೆಯಾದರೆ ಕೆಸರು ಬಣ್ಣಕ್ಕೆ ತಿರುಗುತ್ತದೆ.

ಆ ಕೆಸರಿನಲ್ಲಿ ಒಂದು ಎಚ್ಚರಿಕೆಯೂ ಇದೆ. ಮರಳಿನ ಪದರಗಳಲ್ಲಿ ನೀರು ನಿಧಾನವಾಗಿ ಸೋಸಿಕೊಳ್ಳುತ್ತದೆ. ಕಾರ್ಸ್ಟ್ ಕೊಳವೆಯಲ್ಲಿ ಅದು ದಿನಕ್ಕೆ ಕಿಲೊಮೀಟರುಗಟ್ಟಲೆ ಓಡುತ್ತದೆ, ಮೇಲೆ ಯಾರೋ ಸುರಿದ ಕೊಳೆಯೂ ಅದೇ ವೇಗದಲ್ಲಿ ಬರುತ್ತದೆ. ಆಲ್ಪ್ಸ್‌ನ ಇಂಥ ಚಿಲುಮೆಗಳ ನೀರನ್ನು 1873ರಿಂದ ಕುಡಿಯುತ್ತಿರುವ ವಿಯೆನ್ನಾ ನಗರ ಅವುಗಳ ಮೇಲಿನ ಬೆಟ್ಟಗಳನ್ನೂ ಕಾಪಾಡಿಕೊಳ್ಳುತ್ತದೆ. ಗಾಜಿನಷ್ಟು ತಿಳಿಯಾಗಿದೆ ಎಂದು ಬೊಗಸೆಯೊಡ್ಡಿ ಕುಡಿಯಬೇಡಿ.

ಸಾಧ್ಯವಾದರೆ ಒಂದೇ ನದಿಯ ಎರಡೂ ಬಾಯಿಗಳನ್ನು ನೋಡಿ. ಸ್ಲೊವೇನಿಯಾದ ಶ್ಕೋತ್ಸ್ಯಾನ್ ಗುಹೆಗಳಲ್ಲಿ ರೇಕಾ ನದಿ ಸದ್ದು ಮಾಡುತ್ತಾ ಕತ್ತಲೆಗೆ ಇಳಿಯುತ್ತದೆ. ಸುಮಾರು 40 ಕಿಲೊಮೀಟರ್ ಆಚೆ, ಇಟಲಿಯ ಕರಾವಳಿಯ ಮರಗಳ ನೆರಳಿನಲ್ಲಿ, ತಿಮಾವೊ ಎಂಬ ಬೇರೆ ಹೆಸರು ಹೊತ್ತು ಸದ್ದಿಲ್ಲದೆ ಹೊರಬರುತ್ತದೆ. ಅಲ್ಲಿಂದ ಸಮುದ್ರಕ್ಕೆ ಸುಮಾರು ಎರಡೇ ಕಿಲೊಮೀಟರ್.