ಪೆಟ್ರೋಲು ನೆಲಕ್ಕಿಳಿದ ಮೇಲೆ

1996ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ನಗರ, ತನ್ನ ಕುಡಿಯುವ ನೀರಿನ ಸುಮಾರು ಅರ್ಧ ಭಾಗವನ್ನು ಒದಗಿಸುತ್ತಿದ್ದ ಕೊಳವೆಬಾವಿಗಳನ್ನು ನಿಲ್ಲಿಸಬೇಕಾಯಿತು. ಚಾರ್ನಾಕ್ ಎಂಬಲ್ಲಿನ ಬಾವಿಗಳ ನೀರಿನಲ್ಲಿ ಪೆಟ್ರೋಲಿಗೆ ಬೆರೆಸುತ್ತಿದ್ದ ಎಂಟಿಬಿಇ ಎಂಬ ರಾಸಾಯನಿಕವು ಲೀಟರಿಗೆ 610 ಮೈಕ್ರೋಗ್ರಾಮ್‌ವರೆಗೂ ಸೇರಿತ್ತು. ಲೀಟರಿಗೆ 20ರಿಂದ 40 ಮೈಕ್ರೋಗ್ರಾಮ್ ಸೇರಿದರೇ ನೀರು ಟರ್ಪೆಂಟೈನ್‌ನಂತೆ ನಾರತೊಡಗುತ್ತದೆ. ಸುತ್ತಲಿನ ಪೆಟ್ರೋಲ್ ಬಂಕುಗಳ ನೆಲದಡಿಯ ಟ್ಯಾಂಕುಗಳಿಂದ ಮತ್ತು ಪೈಪುಗಳಿಂದ ಅದು ಯಾರ ಕಣ್ಣಿಗೂ ಬೀಳದೆ ಸೋರಿತ್ತು.

ಸೋರಿಕೆ ತಿಳಿಯದೆ ಉಳಿಯುವುದಕ್ಕೆ ಅಜಾಗರೂಕತೆಯೊಂದೇ ಕಾರಣವಲ್ಲ. ರಕ್ಷಣೆಯ ಲೇಪನವಿಲ್ಲದ ಉಕ್ಕಿನ ಟ್ಯಾಂಕು ಒದ್ದೆ ಮಣ್ಣಿನಲ್ಲಿ ವರ್ಷಗಟ್ಟಲೆ ತುಕ್ಕು ಹಿಡಿದು ಸೂಜಿಮೊನೆಯಷ್ಟು ತೂತಾಯಿತೆನ್ನೋಣ. ನಲವತ್ತು ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದು, ಸೆಕೆಂಡಿಗೊಂದು ಹನಿ ಸೋರಿದರೆ ದಿನಕ್ಕೆ ಎರಡು ಲೀಟರಿಗೆ ತುಸು ಹೆಚ್ಚು, ವರ್ಷಕ್ಕೆ ಸುಮಾರು 790 ಲೀಟರ್ ಮಣ್ಣು ಸೇರುತ್ತದೆ. ಆದರೆ 15,000 ಲೀಟರ್ ಪೆಟ್ರೋಲಿನ ಉಷ್ಣತೆ ಒಂದೇ ಒಂದು ಡಿಗ್ರಿ ಸೆಲ್ಸಿಯಸ್ ಇಳಿದರೆ ಅದರ ಗಾತ್ರ ಹದಿನಾಲ್ಕು ಲೀಟರಿನಷ್ಟು ಕುಗ್ಗುತ್ತದೆ. ಹೀಗಿರುವಾಗ ಬೆಳಿಗ್ಗೆ ಡಿಪ್ ರಾಡ್ ಇಳಿಸಿ ದಾಸ್ತಾನು ಬರೆದುಕೊಳ್ಳುವವರಿಗೆ ಎರಡು ಲೀಟರಿನ ಕೊರತೆ ಹೇಗೆ ಕಂಡೀತು? ಒಂದು ದಿನದ ಅಳತೆಯಲ್ಲಿ ಅಡಗುವ ಈ ನಷ್ಟ ತಿಂಗಳುಗಳ ಲೆಕ್ಕವನ್ನು ಜೋಡಿಸಿ ನೋಡಿದಾಗ ಮಾತ್ರ ಹೊರಬರುತ್ತದೆ.

ಸೋರಿದ ಪೆಟ್ರೋಲು ಮಣ್ಣಿನ ಕಣಗಳ ನಡುವೆ ಇಳಿದು, ನೀರಿಗಿಂತ ಹಗುರವಾದ್ದರಿಂದ ಅಂತರ್ಜಲದ ಮಟ್ಟದಲ್ಲಿ ತಂಗುತ್ತದೆ. ಮಳೆಗಾಲದಲ್ಲಿ ನೀರು ಏರಿದಂತೆ ತಾನೂ ಏರಿ, ಬೇಸಿಗೆಯಲ್ಲಿ ಇಳಿದು, ಆ ಹಾದಿಯ ಮಣ್ಣಿಗೆಲ್ಲ ತನ್ನನ್ನು ಬಳಿದುಕೊಳ್ಳುತ್ತದೆ. ಅಲ್ಲಿಂದ ನೀರಿಗೆ ಕರಗುವ ಘಟಕಗಳಲ್ಲಿ ರಕ್ತದ ಕ್ಯಾನ್ಸರ್ ತರಬಲ್ಲ ಬೆಂಜೀನ್ ಮುಖ್ಯವಾದುದು. ಅಮೆರಿಕದಲ್ಲಿ ಕುಡಿಯುವ ನೀರಿಗೆ ಅದರ ಮಿತಿ ಲೀಟರಿಗೆ 5 ಮೈಕ್ರೋಗ್ರಾಮ್.

ಆದರೂ ನೆಲ ಸುಮ್ಮನೆ ಕೂರುವುದಿಲ್ಲ. ಮಣ್ಣಿನ ಬ್ಯಾಕ್ಟೀರಿಯಾಗಳಿಗೆ ಬೆಂಜೀನ್ ಆಹಾರ. ಆಮ್ಲಜನಕ ಇರುವವರೆಗೆ ಅವು ಅದನ್ನು ಬೇಗ ತಿನ್ನುತ್ತವೆ, ಆಮ್ಲಜನಕ ಮುಗಿದ ಮೇಲೆ ನೈಟ್ರೇಟ್, ಕಬ್ಬಿಣ, ಸಲ್ಫೇಟ್‌ಗಳನ್ನು ಆಶ್ರಯಿಸಿ ಬಹಳ ನಿಧಾನವಾಗಿ ತಿನ್ನುತ್ತವೆ. ಹೀಗಾಗಿ ಬಹುಪಾಲು ಕಡೆ ಬೆಂಜೀನ್ ಹೆಚ್ಚು ದೂರ ಹೋಗದೆ ಸವೆಯುತ್ತದೆ. ಎಂಟಿಬಿಇ ಈ ಲೆಕ್ಕವನ್ನೇ ಕೆಡಿಸಿತು. ಸೀಸದ ಬದಲಿಗೆ 1979ರಿಂದ ಪೆಟ್ರೋಲಿಗೆ ಸೇರಿಸುತ್ತಿದ್ದ ಇದು, ಅಮೆರಿಕದ 1990ರ ವಾಯುಶುದ್ಧಿ ಕಾನೂನಿನ ತಿದ್ದುಪಡಿಯ ಬಳಿಕ, ಇಂಧನ ಪೂರ್ತಿ ಉರಿದು ಹೊಗೆ ಕಡಿಮೆಯಾಗಲೆಂದು, ಕೆಲವೆಡೆ ಪೆಟ್ರೋಲಿನ ಶೇ. 11ರಷ್ಟಾಯಿತು. ಬೆಂಜೀನಿಗಿಂತ ಇಪ್ಪತ್ತೈದು ಪಟ್ಟಿಗೂ ಹೆಚ್ಚು ನೀರಿನಲ್ಲಿ ಕರಗುವ, ಮಣ್ಣಿಗೆ ಅಂಟದ, ಹೆಚ್ಚಿನ ಬ್ಯಾಕ್ಟೀರಿಯಾಗಳು ಮುಟ್ಟದ ಈ ವಸ್ತು ನೀರು ಹೋದಲ್ಲೆಲ್ಲ ಹೋಯಿತು. ಗಾಳಿಯ ಬಗ್ಗೆ ಅಷ್ಟು ಯೋಚಿಸಿದವರು ಟ್ಯಾಂಕಿನ ಕೆಳಗಿನ ನೆಲವನ್ನು ಯೋಚಿಸಲಿಲ್ಲವೆಂಬುದು ನನ್ನನ್ನು ಇಂದಿಗೂ ಕಾಡುತ್ತದೆ. 2004ರ ಆರಂಭದಿಂದ ಕ್ಯಾಲಿಫೋರ್ನಿಯಾ ಅದನ್ನು ನಿಷೇಧಿಸಿತು. ಚಾರ್ನಾಕ್‌ನ ನೀರನ್ನು ಇದ್ದಿಲಿನಲ್ಲಿ ಸೋಸಿ ಮತ್ತೆ ನಗರಕ್ಕೆ ಕೊಡುವಷ್ಟರಲ್ಲಿ ಹದಿನಾಲ್ಕು ವರ್ಷ ಕಳೆದಿತ್ತು.

ನಮ್ಮಲ್ಲಿ ಈಗ ಪೆಟ್ರೋಲಿಗೆ ಶೇ. 20ರಷ್ಟು ಎಥನಾಲ್ ಬೆರೆಯುತ್ತಿದೆ. ಎಥನಾಲ್ ಎಂಟಿಬಿಇಯಂತೆ ನೆಲದಲ್ಲಿ ಉಳಿಯುವುದಿಲ್ಲ, ಬ್ಯಾಕ್ಟೀರಿಯಾಗಳಿಗೆ ಅದು ಬಲು ಪ್ರಿಯ, ತೊಡಕಿರುವುದು ಅಲ್ಲೇ. ಮೊದಲು ಎಥನಾಲನ್ನು ತಿಂದು ಅವು ಇದ್ದ ಆಮ್ಲಜನಕವನ್ನೆಲ್ಲ ಮುಗಿಸುವುದರಿಂದ ಬೆಂಜೀನ್ ಹೆಚ್ಚು ಕಾಲ ಉಳಿದು ಇನ್ನಷ್ಟು ದೂರ ಸಾಗಬಲ್ಲದು. ಕರ್ನಾಟಕದ ಬಹುಭಾಗದಲ್ಲಿ ಅಂತರ್ಜಲವಿರುವುದು ಮರಳಿನಲ್ಲಲ್ಲ, ಗ್ರಾನೈಟ್ ಮತ್ತು ನೈಸ್ ಬಂಡೆಗಳ ಬಿರುಕುಗಳಲ್ಲಿ. ಮರಳಿನಲ್ಲಿ ಸೋರಿಕೆ ಹರಡುವ ದಿಕ್ಕು, ವೇಗಗಳನ್ನು ಹೆಚ್ಚುಕಡಿಮೆ ಊಹಿಸಬಹುದು; ಬಿರುಕಿನಲ್ಲಿ ಅದು ಪಕ್ಕದ ಬಾವಿಯನ್ನು ಬಿಟ್ಟು ದೂರದ ಬಾವಿಯಲ್ಲಿ ಮೇಲೇಳಬಹುದು. ಇಲ್ಲಿ ಬೋರ್‌ವೆಲ್‌ಗೆ ಕೇಸಿಂಗ್ ಪೈಪ್ ಹಾಕುವುದು ಸಾಮಾನ್ಯವಾಗಿ ಮೇಲಿನ ಮಣ್ಣಿನ ಪದರಕ್ಕೆ ಮಾತ್ರ, ಮತ್ತು ಪೈಪಿನ ಸುತ್ತ ಸರಿಯಾಗಿ ಮುಚ್ಚದಿದ್ದರೆ ಮೇಲಿನ ಕೊಳೆಗೆ ಆ ಸಂದೇ ದಾರಿಯಾಗುತ್ತದೆ.

ಬಂಕಿನ ಹತ್ತಿರದ ಬೋರ್‌ವೆಲ್ ನೀರನ್ನು ಬೆಂಜೀನಿಗಾಗಿಯೂ ಪರೀಕ್ಷಿಸಬೇಕೆಂಬುದು ನನ್ನ ಒತ್ತಾಯ, ಏಕೆಂದರೆ ಗಡಸುತನ, ಫ್ಲೋರೈಡ್, ನೈಟ್ರೇಟ್‌ಗಳನ್ನು ನೋಡುವ ರೂಢಿಯ ಪರೀಕ್ಷೆಯಲ್ಲಿ ಅದು ಸಿಗುವುದಿಲ್ಲ. ಆವಿಯಾಗುವ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮಟೋಗ್ರಾಫ್ ಎಂಬ ಯಂತ್ರವಿರುವ ಪ್ರಯೋಗಾಲಯವೇ ಬೇಕು. ಮಾದರಿಯನ್ನು ಗಾಜಿನ ಸೀಸೆಯಲ್ಲಿ, ಒಂದು ಗುಳ್ಳೆಯೂ ಉಳಿಯದಂತೆ ಕಂಠಪೂರ್ತಿ ತುಂಬಿಸಿ, ತಣ್ಣಗಿಟ್ಟು ಒಯ್ಯಬೇಕು. ಅರ್ಧ ತುಂಬಿದ ಪ್ಲಾಸ್ಟಿಕ್ ಬಾಟಲಿಯಲ್ಲಿ ಬಿಸಿಲಿಗೆ ಒಯ್ದರೆ ಬೆಂಜೀನ್ ದಾರಿಯಲ್ಲೇ ಆವಿಯಾಗತೊಡಗಿ, ಕೆಟ್ಟ ನೀರಿಗೆ ಒಳ್ಳೆಯ ವರದಿ ಕೈಗೆ ಬರುತ್ತದೆ.