ಪ್ರೋಗ್ರಾಮ್ ಬರೆಯೋಕೂ ಲೈಸೆನ್ಸ್ ಬೇಕಾ?

ಪ್ರಶ್ನೆ: ಡಾಕ್ಟರು, ವಕೀಲರು, ಸಿಎಗಳಿಗೆ ಲೈಸೆನ್ಸ್ ಇದೆ. ಸಾಫ್ಟ್‌ವೇರ್ ಬರೆಯುವವರಿಗೆ ಯಾಕಿಲ್ಲ?

ಉತ್ತರ: ನಮ್ಮ ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿಯನ್ನೇ ನೋಡಿ. ಮದ್ದು ಸಿಡಿಸುವವರಿಗೆ ಬ್ಲಾಸ್ಟರ್ ಸರ್ಟಿಫಿಕೇಟ್ ಬೇಕು. ಕಾರ್ಮಿಕರನ್ನು ಕೇಜಿನಲ್ಲಿ, ಅಂದರೆ ಗಣಿಯ ಲಿಫ್ಟಿನಲ್ಲಿ, ಕೆಳಗಿಳಿಸುವ ವೈಂಡಿಂಗ್ ಎಂಜಿನ್ ಚಾಲಕರಿಗೂ ಬೇಕು. ಆದರೆ ಅಂಥದ್ದೇ ಯಂತ್ರಕ್ಕೆ ಕಂಟ್ರೋಲ್ ಪ್ರೋಗ್ರಾಮ್ ಬರೆಯುವವರಿಗೆ? ಯಾವ ಸರ್ಟಿಫಿಕೇಟೂ ಕಡ್ಡಾಯವಲ್ಲ. ಹಾಗಾಗಿ ನಿಮ್ಮ ಪ್ರಶ್ನೆಯಲ್ಲಿ ಹುರುಳಿದೆ.

ಹಾಗಂತ ಎಲ್ಲರಿಗೂ ಲೈಸೆನ್ಸ್ ಅನ್ನೋದನ್ನ ನಾನು ಒಪ್ಪಲ್ಲ. ಬಳ್ಳಾರಿಯ ಜೀನ್ಸ್ ಯೂನಿಟ್‌ಗೆ ಬಿಲ್ಲಿಂಗ್ ಆಪ್, ಸಿಂಧನೂರಿನ ರೈಸ್ ಮಿಲ್‌ಗೆ ಸ್ಟಾಕ್ ಲೆಕ್ಕ ಬರೆದುಕೊಡುವ ಹುಡುಗ ಹುಡುಗಿಯರಿಗೆ ಎಷ್ಟೋ ಸಲ ಡಿಗ್ರಿ ಇರಲ್ಲ, ಯೂಟ್ಯೂಬೇ ಗುರು. ಲೆಕ್ಕ ತಪ್ಪಿದರೆ ದುಡ್ಡು ಹೋದೀತು, ಜೀವ ಹೋಗಲ್ಲ. ಅವರ ಹೊಟ್ಟೆ ಮೇಲೆ ಯಾಕೆ ಹೊಡೀಬೇಕು?

ಜೀವದ ವಿಷಯಕ್ಕೆ ಬಂದರೆ ಥೆರಾಕ್-25 ನೆನಪಾಗುತ್ತದೆ. ಕ್ಯಾನ್ಸರ್‌ಗೆ ರೇಡಿಯೇಷನ್ ಕೊಡುವ ಯಂತ್ರ. 1985ರಿಂದ 87ರ ನಡುವೆ ಅಮೆರಿಕ, ಕೆನಡಾದಲ್ಲಿ ಆರು ರೋಗಿಗಳಿಗೆ ವಿಪರೀತ ಡೋಸ್ ಬಿತ್ತು. ಕೆಲವರು ತೀರಿಕೊಂಡರು. ಆಪರೇಟರ್ ಬೇಗ ಬೇಗ ಟೈಪ್ ಮಾಡಿ ತಿದ್ದಿದರೆ ಪ್ರೋಗ್ರಾಮ್ ಗೊಂದಲಕ್ಕೆ ಬೀಳುತ್ತಿತ್ತು. ಹಳೆಯ ಮಾಡೆಲ್‌ನಲ್ಲಿ ಇಂಥ ಎಡವಟ್ಟನ್ನು ತಡೆಯುವ ಹಾರ್ಡ್‌ವೇರ್ ಬೀಗ ಇತ್ತು. ಸಾಫ್ಟ್‌ವೇರ್ ನೋಡಿಕೊಳ್ಳುತ್ತೆ ಅಂತ ಹೊಸದರಲ್ಲಿ ಅದನ್ನೇ ತೆಗೆದಿದ್ದರು! ಕೋಡ್ ಬರೆದದ್ದು ಒಬ್ಬರೇ, ಹೊರಗಿನವರು ಯಾರೂ ಅದನ್ನು ಪರಿಶೀಲಿಸಿರಲಿಲ್ಲ. ಆ ಒಬ್ಬರ ಜೇಬಲ್ಲಿ ಲೈಸೆನ್ಸ್ ಇದ್ದಿದ್ದರೆ ಇದು ತಪ್ಪುತ್ತಿತ್ತಾ? ನನಗಂತೂ ನಂಬಿಕೆಯಿಲ್ಲ. ಬೀಗ ತೆಗೆಯುವ ತೀರ್ಮಾನ ಕಂಪನಿಯದ್ದು.

ಲೈಸೆನ್ಸ್ ಪ್ರಯೋಗವೂ ಆಗಿದೆ. ಟೆಕ್ಸಾಸ್ 1998ರಲ್ಲೇ ಸಾಫ್ಟ್‌ವೇರ್ ಎಂಜಿನಿಯರುಗಳಿಗೆ ಲೈಸೆನ್ಸ್ ಕೊಡಲು ಒಪ್ಪಿತು. 2013ರಲ್ಲಿ ಅಮೆರಿಕದಲ್ಲಿ ಇದಕ್ಕಂತಲೇ ಪರೀಕ್ಷೆ ಬಂತು. ನೂರು ಜನವೂ ಬರೆಯಲಿಲ್ಲ, 2019ರಲ್ಲಿ ನಿಲ್ಲಿಸಿದರು. ಕಡ್ಡಾಯವಲ್ಲದ ಪರೀಕ್ಷೆ, ಸುಮ್ನೆ ಯಾರು ಬರೀತಾರೆ ಅಲ್ವಾ?

ಅದಕ್ಕೇ ನನ್ನ ಮತ ವ್ಯಕ್ತಿಗಿಂತ ಕೆಲಸಕ್ಕೆ ಲೈಸೆನ್ಸ್ ಬೇಕು ಅನ್ನೋದರ ಕಡೆಗೆ. ವಿಮಾನದ ಸಾಫ್ಟ್‌ವೇರ್‌ಗೆ ಹೀಗೇ ಇದೆ: ಕೋಡ್ ಯಾರಾದರೂ ಬರೆಯಲಿ, ಪ್ರತಿ ಹಂತದ ಪರೀಕ್ಷೆಗೆ ದಾಖಲೆ ತೋರಿಸಬೇಕು. ಅಲ್ಲೂ ಸೋರಿಕೆ ಇದೆ. ಬೋಯಿಂಗ್ 737 ಮ್ಯಾಕ್ಸ್ ವಿಮಾನ ಒಪ್ಪಿಗೆ ಪಡೆದೇ ಹಾರಿತ್ತು, ಅದರ ಸಾಫ್ಟ್‌ವೇರ್ ಎಡವಟ್ಟೂ ಕಾರಣವಾದ ಎರಡು ಅಪಘಾತಗಳಲ್ಲಿ 346 ಜನ ಸತ್ತರು. ತಪಾಸಣೆ ಮಾಡುವವರು ಕಂಪನಿಯ ಮಾತನ್ನೇ ಜಾಸ್ತಿ ನಂಬಿದರೆ ಹೀಗಾಗುತ್ತದೆ.

ನಮ್ಮಲ್ಲೂ 2020ರಿಂದ ಚಿಕಿತ್ಸೆಗೆ, ರೋಗಪತ್ತೆಗೆ ಬಳಸುವ ಸಾಫ್ಟ್‌ವೇರ್ ವೈದ್ಯಕೀಯ ಸಾಧನಗಳ ಕಾನೂನಿನೊಳಗೆ ಬಂದಿದೆ. ಕೊಪ್ಪಳದಲ್ಲೋ ಗಂಗಾವತಿಯಲ್ಲೋ ನರ್ಸಿಂಗ್ ಹೋಮ್ ನಡೆಸುವವರು ಸ್ಕ್ಯಾನ್ ಓದುವ ಸಾಫ್ಟ್‌ವೇರ್ ಕೊಳ್ಳುವಾಗ ಬರೆದವರ ಡಿಗ್ರಿ ವಿಚಾರಿಸಬೇಕಿಲ್ಲ. ಈ ಸಾಫ್ಟ್‌ವೇರ್‌ಗೇ ಲೈಸೆನ್ಸ್ ಇದೆಯಾ ಅಂತ ಕೇಳಿ, ಕಾಗದ ತೋರಿಸಿದ ಮೇಲೆ ದುಡ್ಡು ಕೊಡಿ.